ಆಲ್ಟ್-ಟ್ಯಾಬ್, ಕಂಟ್ರೋಲ್-ಟ್ಯಾಬ್: ಒಂದೊಂದು ಪ್ರೋಗ್ರಾಂನಲ್ಲಿ ಒಂದೊಂದು ಥರ ಯಾಕೆ, ಸರಿ ಮಾಡೋದು ಹೇಗೆ

ಲಗ್ನದ ಸೀಸನ್‌ನಲ್ಲಿ ಗದಗಿನ ಯಾವುದೇ ಪ್ರಿಂಟಿಂಗ್ ಪ್ರೆಸ್‌ನ ಡಿಟಿಪಿ ಟೇಬಲ್ ನೋಡಿ. ಒಂದೇ ಕಂಪ್ಯೂಟರ್‌ನಲ್ಲಿ ಕೋರಲ್‌ಡ್ರಾ, ಫೋಟೋಶಾಪ್, ಎಕ್ಸೆಲ್, ಕ್ರೋಮ್‌ನಲ್ಲಿ ವಾಟ್ಸಾಪ್, ಎಲ್ಲ ಒಟ್ಟಿಗೆ ತೆರೆದಿರುತ್ತವೆ. ವಾಟ್ಸಾಪ್‌ನಿಂದ ಹೆಸರು ಕಾಪಿ ಮಾಡಬೇಕು, ಕೋರಲ್‌ಗೆ ಹೋಗಿ ಪೇಸ್ಟ್ ಮಾಡಬೇಕು, ಮತ್ತೆ ವಾಪಸ್ ಬರಬೇಕು. ತಲೆನೋವು ಶುರುವಾಗೋದೇ ಇಲ್ಲಿ. ಕೀ ಅದೇ, ಆದರೆ ಒಂದು ಕಡೆ ಆಗಷ್ಟೇ ಬಿಟ್ಟ ಫೈಲ್‌ಗೆ ಕರೆದೊಯ್ಯುತ್ತದೆ, ಇನ್ನೊಂದು ಕಡೆ ಪಕ್ಕದ ಟ್ಯಾಬ್‌ಗೆ.

ಕೀಬೋರ್ಡ್ ಕೆಟ್ಟಿಲ್ಲ. ಯಾವುದೇ ಪ್ರೋಗ್ರಾಂ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಕೀ ಬದಲಿಸೋದು ಇಡೀ ವಿಂಡೋನಾ, ಇಲ್ಲ ಒಳಗಿನ ಟ್ಯಾಬ್ ಅಥವಾ ಹಾಳೆನಾ? ಬದಲಿಸುವಾಗ ಈಗಷ್ಟೇ ಬಳಸಿದ್ದು ಮೊದಲು ಬರುತ್ತದಾ, ಇಲ್ಲ ಎಡದಿಂದ ಬಲಕ್ಕೆ ಸಾಲಾಗಿ ಹೋಗುತ್ತದಾ? ಗೊಂದಲ ಇರೋದು ಇಷ್ಟರಲ್ಲೇ.

ಮೊದಲು ಆಲ್ಟ್-ಟ್ಯಾಬ್. ವಿಂಡೋಸ್‌ನಲ್ಲಿ ಇದು ವಿಂಡೋ ಬದಲಿಸುತ್ತದೆ, ಈಗಷ್ಟೇ ಬಳಸಿದ್ದು ಮುಂದೆ. ಹಾಗಾಗಿ ಒಂದೇ ಸಲ ಒತ್ತಿ ಬಿಟ್ಟರೆ ಕೋರಲ್-ವಾಟ್ಸಾಪ್ ಮಧ್ಯೆ ಆರಾಮಾಗಿ ಓಡಾಡಬಹುದು. ಆದರೆ ವಿಂಡೋ ಮಿನಿಮೈಸ್ ಮಾಡಿದಿರೋ, ಅದು ಸಾಲಿನ ಬಾಲಕ್ಕೆ ಹೋಗುತ್ತದೆ. "ಈಗಷ್ಟೇ ಇಲ್ಲಿತ್ತಲ್ಲ" ಅಂತ ಹುಡುಕುವವರಲ್ಲಿ ಅರ್ಧ ಜನರ ಕಥೆ ಇದೇ. ಮತ್ತೆ ಬೇಕಾದ ವಿಂಡೋವನ್ನು ಮಿನಿಮೈಸ್ ಮಾಡಬೇಡಿ, ಹಾಗೇ ಬಿಡಿ.

ಎಡ್ಜ್ ಬ್ರೌಸರ್ ಬಳಸುವವರಿಗೆ ಅದರ ಟ್ಯಾಬ್‌ಗಳೂ ಈ ಸಾಲಿನಲ್ಲಿ ನುಗ್ಗಬಹುದು. 2020ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಬಂದ ಉಪದ್ರವ ಇದು, ನನಗಂತೂ ಯಾವ ಉಪಯೋಗಕ್ಕೂ ಬಂದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್‌ಗೆ ಹೋಗಿ, ಆಲ್ಟ್-ಟ್ಯಾಬ್ ಆಯ್ಕೆಯಲ್ಲಿ ಟ್ಯಾಬ್ ತೋರಿಸಬೇಡ ಅನ್ನೋದನ್ನು ಆರಿಸಿ.

ಇನ್ನು ಕಂಟ್ರೋಲ್-ಟ್ಯಾಬ್. ನಿಜವಾದ ಗಲಾಟೆ ಇದರದ್ದು. ಕ್ರೋಮ್‌ನಲ್ಲಿ ಎಡದಿಂದ ಬಲಕ್ಕೆ ಪಕ್ಕದ ಟ್ಯಾಬ್. ಫೈರ್‌ಫಾಕ್ಸ್‌ನಲ್ಲಿ ಈಗಷ್ಟೇ ಬಳಸಿದ ಕ್ರಮವೂ ಸಿಗುತ್ತದೆ, ಸೆಟ್ಟಿಂಗ್ಸ್‌ನ ಟ್ಯಾಬ್ ವಿಭಾಗದಲ್ಲಿ ಅದಕ್ಕೊಂದು ಟಿಕ್ ಇದೆ. ಬೇಕಾದ ಹಾಗೆ ಇಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ಬೇರೆ ಫೈಲ್‌ಗೇ ಹಾರುತ್ತದೆ, ಅದೇ ಫೈಲ್‌ನ ಶೀಟ್ ಬದಲಿಸಲು ಕಂಟ್ರೋಲ್-ಪೇಜ್‌ಡೌನ್ ಒತ್ತಬೇಕು. ವರ್ಡ್‌ನಲ್ಲಿ ಟೇಬಲ್ ಒಳಗಿದ್ದಾಗ ಸುಮ್ನೆ ಒಂದು ಟ್ಯಾಬ್ ಜಾಗ ಬಿಡುತ್ತದೆ ಅಷ್ಟೇ. ಅಲ್ಲಿ ಫೈಲ್ ಬದಲಿಸಲು ಕಂಟ್ರೋಲ್-ಎಫ್6.

ಕಂಟ್ರೋಲ್-ಪೇಜ್‌ಡೌನ್ ಕ್ರೋಮ್‌ನಲ್ಲೂ ಮುಂದಿನ ಟ್ಯಾಬ್‌ಗೆ ಒಯ್ಯುತ್ತದೆ, ಹಾಗಾಗಿ ಕೈಗೆ ರೂಢಿಯಾಗಿಬಿಡುತ್ತದೆ. ಕೋರಲ್‌ಡ್ರಾದಲ್ಲಿ ಮಾತ್ರ ಹುಷಾರು. ಅಲ್ಲಿ ಅದು ಆರಿಸಿದ ವಸ್ತುವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ. ಲಗ್ನಪತ್ರಿಕೆಯ ಮೇಲಿನ ಗಣಪತಿ ಚಿತ್ರ ಬಣ್ಣದ ಹಿನ್ನೆಲೆಯ ಹಿಂದೆ ಸೇರಿ ಕಾಣದಂತಾಗುತ್ತದೆ, ಡಿಲೀಟ್ ಆಯ್ತು ಅಂದುಕೊಂಡು ಮತ್ತೆ ಫೋಟೋ ತರಿಸಿದವರೂ ಇದ್ದಾರೆ. ಕಂಟ್ರೋಲ್-ಝೆಡ್ ಒತ್ತಿ, ಇಲ್ಲವೇ ಆ ಚಿತ್ರ ಇನ್ನೂ ಆರಿಸಿಕೊಂಡೇ ಇದ್ದರೆ ಕಂಟ್ರೋಲ್-ಪೇಜ್‌ಅಪ್ ಒತ್ತಿ, ಮುಂದೆ ಬರುತ್ತದೆ.

ಇಷ್ಟೆಲ್ಲ ನೆನಪಿಡೋದು ಯಾರಿಗೆ ಬೇಕು ಅನಿಸಿದರೆ ನನ್ನ ಸಲಹೆ ಬೇರೆ. ದಿನಾ ಬಳಸುವ ಪ್ರೋಗ್ರಾಂಗಳನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿ, ಒಂದೇ ಕ್ರಮದಲ್ಲಿ ಇಡಿ. ಕೋರಲ್ ಮೊದಲನೆಯದಾದರೆ ವಿಂಡೋಸ್ ಕೀ ಜೊತೆ 1, ಕ್ರೋಮ್ ಎರಡನೆಯದಾದರೆ 2. ಯಾವುದನ್ನು ಕೊನೆಗೆ ಬಳಸಿದಿರಿ ಅನ್ನೋದರ ಹಂಗೇ ಇಲ್ಲ, ಪ್ರತಿ ಸಲ ಅದೇ ಜಾಗ. ಎಕ್ಸೆಲ್‌ನಲ್ಲಿ ನಾಲ್ಕು ಫೈಲ್ ತೆರೆದಿದ್ದರೆ ಕಂಟ್ರೋಲ್ ಕೂಡ ಸೇರಿಸಿ ಒತ್ತಿ, ಅದರಲ್ಲಿ ಕೊನೆಗೆ ನೋಡಿದ ಫೈಲ್ ನೇರ ಎದುರಿಗೆ ಬರುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಕಾಟ ಇದೆ. ವರ್ಡ್‌ನಲ್ಲಿ ಕನ್ನಡ ಹಾಕಿ ಎಕ್ಸೆಲ್‌ಗೆ ಬಂದರೆ ಅಲ್ಲೂ ಕನ್ನಡವೇ ಮೂಡುತ್ತದೆ, ಇಂಗ್ಲಿಷ್‌ಗೆ ಬದಲಿಸಿ ವಾಪಸ್ ಹೋದರೆ ಅಲ್ಲಿ ಇಂಗ್ಲಿಷ್. ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಗೊಂದು ಭಾಷೆ ಇಟ್ಟುಕೊಳ್ಳಲು ಅಲ್ಲೊಂದು ಟಿಕ್ ಇದೆ, ಹಾಕಿ. ಇದು ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್‌ಗೆ ಮಾತ್ರ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಲೆಕ್ಕವೇ ಬೇರೆ.

ಎಕ್ಸೆಲ್‌ನ ಒಂದು ಫೈಲ್‌ನಲ್ಲಿ ಫಾರ್ಮ್ಯಾಟ್ ಸೆಲ್ಸ್‌ನಂಥ ಡಬ್ಬಿ ತೆರೆದಿದ್ದರೆ ಉಳಿದ ಫೈಲ್‌ಗಳೂ ಸ್ಪಂದಿಸೋದಿಲ್ಲ. ಹ್ಯಾಂಗ್ ಆಯ್ತು ಅಂತ ಬಲವಂತವಾಗಿ ಮುಚ್ಚಬೇಡಿ, ಮೊದಲು ಆ ಡಬ್ಬಿ ಎಲ್ಲಿದೆ ಹುಡುಕಿ. ಎರಡು ಫೈಲ್ ಪೂರ್ತಿ ಬೇರೆ ಬೇರೆಯಾಗೇ ಬೇಕಿದ್ದರೆ, ಟಾಸ್ಕ್‌ಬಾರ್‌ನ ಎಕ್ಸೆಲ್ ಐಕಾನ್ ಮೇಲೆ ರೈಟ್-ಕ್ಲಿಕ್ ಮಾಡಿ, ಆಲ್ಟ್ ಒತ್ತಿ ಹಿಡಿದೇ ಮೆನುವಿನಲ್ಲಿ ಎಕ್ಸೆಲ್ ಅನ್ನೋದನ್ನು ಕ್ಲಿಕ್ ಮಾಡಿ, ಪ್ರಶ್ನೆ ಬರುವ ತನಕ ಆಲ್ಟ್ ಬಿಡಬೇಡಿ. ಹೊಸದಾಗಿ ಬೇರೆ ಎಕ್ಸೆಲ್ ತೆರೆಯಲಾ ಅಂತ ಅದೇ ಕೇಳುತ್ತದೆ, ಯೆಸ್ ಅನ್ನಿ.

ಮ್ಯಾಕ್ ಇರುವವರಿಗೆ ಒಂದೇ ಮಾತು. ಅಲ್ಲಿ ಕಮಾಂಡ್-ಟ್ಯಾಬ್ ಬದಲಿಸೋದು ಪ್ರೋಗ್ರಾಂ, ವಿಂಡೋ ಅಲ್ಲ. ಅದೇ ಪ್ರೋಗ್ರಾಂನ ಇನ್ನೊಂದು ವಿಂಡೋ ಬೇಕಿದ್ದರೆ ಕಮಾಂಡ್ ಜೊತೆ ಟ್ಯಾಬ್‌ನ ಮೇಲಿನ ಕೀ ಒತ್ತಿ.