ಪೆಂಡಿಂಗ್ ಇಲ್ಲದ ನಾಡಕಚೇರಿಯಲ್ಲಿ ನಾನು ಕಂಡಿದ್ದು, ಮಾಡಿದ್ದು

ನಾನು ಉಪ ತಹಶೀಲ್ದಾರ್ ಆಗಿ ಆ ನಾಡಕಚೇರಿಗೆ ಹೋದಾಗ ಸಕಾಲ ಬಂದು ಕೆಲವು ವರ್ಷ ಆಗಿತ್ತು. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ, 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಜಾರಿಯಾದ ಕಾಯ್ದೆ. ಅರ್ಜಿ ಕೊಟ್ಟವರಿಗೆ 15 ಅಂಕಿಯ ನಂಬರು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದವರ ಸಂಬಳದಿಂದ. ದುಡ್ಡೇನೂ ದೊಡ್ಡದಲ್ಲ. ಆದರೆ ಅರ್ಜಿ ಯಾರ ಹತ್ತಿರ ಕೂತಿದೆ ಅಂತ ಜಿಲ್ಲಾ ಕಚೇರಿಯಿಂದಲೇ ನೋಡಬಹುದಿತ್ತು, ಬಿಸಿ ಮುಟ್ಟಿದ್ದು ಅದರಿಂದ.

ಪೆಂಡಿಂಗ್ ಪಟ್ಟಿ ಹೆಚ್ಚುಕಡಿಮೆ ಖಾಲಿ. ಖುಷಿಪಡಬೇಕು ಅಲ್ವಾ? ತಿರಸ್ಕರಿಸಿದ ಅರ್ಜಿಗಳನ್ನು ತೆಗೆದು ನೋಡಿದೆ. ಬಹಳಷ್ಟು, ಗಡುವು ಮುಗಿಯುವ ಹಿಂದಿನ ಸಂಜೆ ತಿರಸ್ಕೃತ. ಕಾರಣ: ‘ದಾಖಲೆ ಸರಿ ಇಲ್ಲ’. ಯಾವ ದಾಖಲೆ ಅಂತ ಬರೆದಿಲ್ಲ. ಒಬ್ಬ ಹುಡುಗಿಯ ಅಪ್ಪನ ಇನಿಷಿಯಲ್ ರೇಷನ್ ಕಾರ್ಡಿನಲ್ಲಿ ಹೆಸರಿನ ಹಿಂದೆ, ಟಿಸಿಯಲ್ಲಿ ಮುಂದೆ. ಅಷ್ಟಕ್ಕೇ ಅವಳ ಅರ್ಜಿ ವಾಪಸ್ಸು! ಇನ್ನು ಕೆಲವರಿಗೆ ನಂಬರೇ ಸಿಗುತ್ತಿರಲಿಲ್ಲ. ‘ಮೊದಲು ಗ್ರಾಮ ಲೆಕ್ಕಿಗರನ್ನು ನೋಡ್ಕೊಂಡು ಬನ್ನಿ’ ಅಂತ ಕೌಂಟರಿನಿಂದಲೇ ಕಳಿಸೋದು. ನಂಬರು ಕೊಡದಿದ್ದರೆ ಗಡುವು ಶುರುವಾಗೋದೇ ಇಲ್ಲವಲ್ಲ.

ಸಿಬ್ಬಂದಿಯನ್ನು ಸುಮ್ನೆ ಬೈದು ಪ್ರಯೋಜನ ಇರಲಿಲ್ಲ. ಎರಡು ವೃತ್ತದ ಚಾರ್ಜು ಇರೋ ಗ್ರಾಮ ಲೆಕ್ಕಿಗರು ಬೆಳೆ ಸಮೀಕ್ಷೆ, ಮತದಾರರ ಪಟ್ಟಿ, ಪಿಂಚಣಿ ವಿಚಾರಣೆ ಎಲ್ಲ ಮುಗಿಸಿ, ಒಂದು ಆದಾಯ ಪ್ರಮಾಣಪತ್ರಕ್ಕೆ ಅಂತ ಊರಿಂದೂರಿಗೆ ಎಷ್ಟು ಸಲ ಓಡಬೇಕು?

ಹಾಗಾಗಿ ಎರಡು ಕೆಲಸ ಮಾಡಿದೆ. ಏನು ಕಡಿಮೆ ಇದೆ, ಏನು ತರಬೇಕು ಅಂತ ಬರೆಯದೆ ಯಾವ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ ಅಂದೆ. ಇನ್ನೊಂದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನೂಕುನುಗ್ಗಲು ಆಗೋದು ಮೇ-ಜೂನ್‌ನಲ್ಲಿ, ಕಾಲೇಜಿಗೆ ಸೇರುವ ಹೊತ್ತಿಗೆ. ನಾವು ಪರೀಕ್ಷೆಗೆ ಮುಂಚೆಯೇ ಹೈಸ್ಕೂಲಿಗೆ ಹೋದೆವು. ಹೆಡ್‌ಮಾಸ್ತರರು ಹತ್ತನೇ ಕ್ಲಾಸಿನ ಪಟ್ಟಿ ಕೊಟ್ಟರು, ಗ್ರಾಮ ಲೆಕ್ಕಿಗರು ಶಾಲೆಯಲ್ಲೇ ಕೂತು ಅಪ್ಪ-ಅಮ್ಮಂದಿರ ಹತ್ತಿರ ದಾಖಲೆ ನೋಡಿ, ಅಲ್ಲೇ ವಿಚಾರಿಸಿ ವರದಿ ಬರೆದರು. ಅವರ ಓಡಾಟವೂ ಉಳಿಯಿತು. ಕಚೇರಿ ಎದುರು ಅರ್ಜಿ ಬರೆದುಕೊಟ್ಟು ‘ಒಳಗೆ ಮಾತಾಡ್ತೀನಿ’ ಅನ್ನುವವರಿಗೆ ಮಾತ್ರ ಬೇಜಾರು.

ಮೊದಲ ತಿಂಗಳುಗಳಲ್ಲಿ ಸಕಾಲ ಅರ್ಜಿ ವಿಲೇವಾರಿಯಲ್ಲಿ ನಮ್ಮ ಕಚೇರಿಯ ರ‍್ಯಾಂಕ್ ಬಿತ್ತು, ತಿರಸ್ಕರಿಸಿ ಕೈತೊಳೆದುಕೊಳ್ಳೋದು ನಿಂತಿತ್ತಲ್ಲ. ಮೀಟಿಂಗಿಗೆ ಹಳೆಯ ತಿರಸ್ಕೃತ ಪಟ್ಟಿಯ ಪ್ರಿಂಟ್ ಹಿಡಿದುಕೊಂಡೇ ಹೋದೆ. ಬೈಗುಳ ಅರ್ಧಕ್ಕೆ ನಿಂತಿತು.

ಆಮೇಲೆ ಮನೆಮನೆಯ ಮಾಹಿತಿ ಮೊದಲೇ ತುಂಬಿಸಿ ಕೌಂಟರಿನಲ್ಲೇ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂತು, ಈ ಭಾರ ತುಂಬಾ ಇಳಿಯಿತು. ಪೋಡಿ (ಜಮೀನನ್ನು ಅಳೆದು ಬೇರೆ ಬೇರೆ ಮಾಡೋದು), ಹದ್ದುಬಸ್ತು (ಗಡಿ ಗುರುತಿಸೋದು) ಹಾಗಲ್ಲ. ಅಲ್ಲಿ ಹೊಲಕ್ಕೆ ಹೋಗಿ ಅಳತೆ ಮಾಡಲೇಬೇಕು. ಮೊದಲು ಭೂಮಾಪಕರನ್ನು ಕೊಡಿ, ಆಮೇಲೆ ಗಡುವು ಕೇಳಿ ಅಂತ ಆಗಲೂ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ.