ಕೈಕೊಡುವುದು ಎಂಜಿನ್ ಅಲ್ಲ, ಅದರ ಸುತ್ತಲಿನ ರಬ್ಬರು

ಹತ್ತು ವರ್ಷ ದಾಟಿದ ಐಷಾರಾಮಿ ಸೆಡಾನ್ ಕೊಂಡವರನ್ನು ಎಲ್ಲರೂ ಕೇಳುವುದು ಎಂಜಿನ್ ಗಟ್ಟಿಯಿದೆಯಾ ಎಂದು. ನನ್ನದು ಆರು ಸಿಲಿಂಡರಿನ ಟರ್ಬೊ ಪೆಟ್ರೋಲ್, 8 ಗೇರಿನ ಆಟೊಮ್ಯಾಟಿಕ್. ಎಂಜಿನ್ನಿನ ಒಳಭಾಗ ಬಿಚ್ಚುವ ಪ್ರಮೇಯ ಇನ್ನೂ ಬಂದಿಲ್ಲ. ಕೈಕೊಟ್ಟದ್ದೆಲ್ಲ ಸುತ್ತಲಿನ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿ. ಈ ಕಾರುಗಳಲ್ಲಿ ಸಣ್ಣ ಭಾಗವೊಂದು ಹೋಗುವಾಗ ದೊಡ್ಡದೊಂದನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಕೆಟ್ಟ ಮೇಲೆ ನೋಡೋಣ ಎನ್ನದೆ, ಯಾವುದು ಹೋದರೆ ಯಾವುದಕ್ಕೆ ಪೆಟ್ಟು ಎಂಬ ಲೆಕ್ಕದಲ್ಲೇ ಕೆಲಸದ ಪಟ್ಟಿ ಮಾಡಿಕೊಂಡೆ.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ತಪ್ಪಿಸಬಾರದು. ಒಂದು, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸದ್ದು ಕೇಳುವುದು. ಬಾನೆಟ್ ಮೊದಲೇ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೊರಡುವುದೇ ಸರಿ. ಇನ್ನೊಂದು, ಸ್ಕ್ಯಾನರ್ ಹಾಕಿ ಎಂಜಿನ್ ಮಾತ್ರವಲ್ಲ, ಎಲ್ಲ ಮಾಡ್ಯೂಲ್‌ಗಳನ್ನೂ (ಬೇರೆ ಬೇರೆ ಕೆಲಸ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್‌ಗಳನ್ನು) ಓದುವುದು. ಒಂದೂ ದೋಷದ ಕೋಡ್ ಇಲ್ಲದೆ ಫಳಫಳ ಎನ್ನುತ್ತಿದ್ದರೆ ಖುಷಿಪಡುವ ಮೊದಲು ರೆಡಿನೆಸ್ ಮಾನಿಟರ್‌ಗಳನ್ನು, ಅಂದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ಗುರುತುಗಳನ್ನು ನೋಡಿ. ಅವು ಪೂರ್ತಿಯಾಗಿಲ್ಲ ಎಂದು ತೋರಿಸಿದರೆ ಕೋಡ್‌ಗಳನ್ನು ಇತ್ತೀಚೆಗಷ್ಟೇ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು.

ಮೊದಲು ಕೈಹಾಕಿದ್ದು ಕೂಲಿಂಗ್‌ಗೆ. ಎಕ್ಸ್‌ಪ್ಯಾನ್ಶನ್ ಟ್ಯಾಂಕು, ಥರ್ಮೋಸ್ಟಾಟ್ ಹೌಸಿಂಗು, ಹೋಸ್‌ಗಳ ತುದಿಯ ಕನೆಕ್ಟರ್‌ಗಳು ಎಲ್ಲವೂ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿ ಉಂಡ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ, ಅದೂ ಸೋರುವ ಮುನ್ಸೂಚನೆ ಕೊಡದೆ. ನನ್ನದರಲ್ಲಿ ವಾಟರ್ ಪಂಪ್ ಬೆಲ್ಟಿನಿಂದಲ್ಲ, ವಿದ್ಯುತ್ ಮೋಟರಿನಿಂದ ತಿರುಗುತ್ತದೆ. ನಿಂತರೆ ಕೀರಲು ಸದ್ದೂ ಇಲ್ಲ, ಒಮ್ಮೆಲೇ ಎಚ್ಚರಿಕೆಯ ದೀಪ. ಆಗಲೂ ಇನ್ನೆರಡು ಕಿಲೋಮೀಟರ್ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು. ಪಂಪು, ಥರ್ಮೋಸ್ಟಾಟ್, ಟ್ಯಾಂಕು, ಅದರ ಮುಚ್ಚಳ, ಮೇಲಿನ ಕೆಳಗಿನ ಹೋಸ್‌ಗಳನ್ನು ಒಟ್ಟಿಗೇ ಬದಲಾಯಿಸಿದೆ, ಏಕೆಂದರೆ ಒಂದನ್ನು ಬಿಚ್ಚಲು ಉಳಿದವನ್ನೂ ಕದಲಿಸಬೇಕು, ಕದಲಿಸಿದಾಗ ಹಳೆಯ ಕನೆಕ್ಟರ್ ಮುರಿಯುತ್ತದೆ. ತಯಾರಕರು ಹೇಳಿದ ಬಗೆಯ ಕೂಲಂಟನ್ನೇ ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿದೆ.

ಕೂಲಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವ ಹಂತದಲ್ಲೇ ಹಲವರು ಎಡವುತ್ತಾರೆ. ವಿದ್ಯುತ್ ಪಂಪ್ ಇರುವಲ್ಲಿ ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಇಗ್ನಿಷನ್ ಆನ್, ಹೀಟರ್ ಅತಿ ಹೆಚ್ಚು ತಾಪಕ್ಕೆ, ಫ್ಯಾನ್ ಅತಿ ಕಡಿಮೆಗೆ, ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ 10 ಸೆಕೆಂಡ್ ಹಿಡಿಯಬೇಕು. ಪಂಪ್ ತಾನಾಗಿ ಸುಮಾರು 12 ನಿಮಿಷ ತಿರುಗಿ ನಿಲ್ಲುತ್ತದೆ. ಇದು ನನ್ನ ಮಾದರಿಯ ವಿಧಾನ, ನಿಮ್ಮದರ ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಿ. ಅಷ್ಟು ಹೊತ್ತೂ ಬ್ಯಾಟರಿಗೆ ಚಾರ್ಜರ್ ಹಾಕಿಡಿ, ಇಲ್ಲದಿದ್ದರೆ ಅರ್ಧದಲ್ಲೇ ವೋಲ್ಟೇಜ್ ಕುಸಿದು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಆಯಿಲ್ ಸೋರಿಕೆಯಲ್ಲಿ ವಾಲ್ವ್ ಕವರ್ ಗ್ಯಾಸ್ಕೆಟ್ಟಿನದು (ಜೋಡಣೆಯ ನಡುವಿನ, ಸೋರದಂತೆ ತಡೆಯುವ ರಬ್ಬರು) ಅಷ್ಟೇನೂ ಭಯಪಡುವಂಥದ್ದಲ್ಲ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ, ಅದೇ ಎಚ್ಚರಿಕೆ. ಅಂಜಬೇಕಾದದ್ದು ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್‌ಗೆ. ಅಲ್ಲಿಂದ ಇಳಿದ ಆಯಿಲ್ ಡ್ರೈವ್ ಬೆಲ್ಟಿಗೆ ಬೀಳುತ್ತದೆ, ಬೆಲ್ಟ್ ಉಬ್ಬಿ ಪುಲ್ಲಿಯಿಂದ ಜಾರುತ್ತದೆ, ಅದರ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡು ಮುಂದಿನ ಸೀಲನ್ನು ದಾಟಿ ಎಂಜಿನ್ನಿನೊಳಗೆ ಸೇರಬಹುದು. ಸಣ್ಣದೊಂದು ರಬ್ಬರ್ ತುಂಡಿನಿಂದ ಆಗುವ ಅನಾಹುತ ಇದು.

ಗೇರ್‌ಬಾಕ್ಸಿಗೆ ಜೀವನಪೂರ್ತಿ ಒಂದೇ ಆಯಿಲ್ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಜೀವನ, ಗೇರ್‌ಬಾಕ್ಸಿನದೋ ವಾರಂಟಿಯದೋ? 80,000ದಿಂದ 1,20,000 ಕಿಲೋಮೀಟರಿನ ನಡುವೆ ಬದಲಾಯಿಸುವುದು ನನ್ನ ಲೆಕ್ಕ. ಫಿಲ್ಟರ್ ಗೇರ್‌ಬಾಕ್ಸಿನ ತಳದ ಪ್ಲಾಸ್ಟಿಕ್ ತಟ್ಟೆಯಲ್ಲೇ ಸೇರಿಕೊಂಡಿರುವುದರಿಂದ ತಟ್ಟೆ ಸಮೇತ ಹೊಸದು ಹಾಕಬೇಕು. ತುಂಬುವ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಖಾಲಿ ಮಾಡುವ ಬೋಲ್ಟ್. ಆಯಿಲ್ ಇಳಿಸಿಬಿಟ್ಟ ಮೇಲೆ ತುಂಬುವ ಬೋಲ್ಟ್ ಜಾಮ್ ಆಗಿದೆ ಎಂದು ಗೊತ್ತಾದರೆ ಕಾರು ಅಲ್ಲೇ ಕೂತಿತು. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಕಾರು ಸಮತಟ್ಟಾಗಿರುವಾಗ, ಆಯಿಲ್ 30ರಿಂದ 50 ಡಿಗ್ರಿ ಸೆಲ್ಸಿಯಸ್ ಇರುವಾಗ. ತುಂಬುವ ತೂತಿನಿಂದ ಸಣ್ಣ ಧಾರೆ ಬಂದಾಗ ಮುಚ್ಚಬೇಕು. ಬಿಸಿ ಹೆಚ್ಚಾದರೆ ಆಯಿಲ್ ಹಿಗ್ಗಿ ಹೊರಬರುತ್ತದೆ, ಕೊನೆಗೆ ಒಳಗೆ ಉಳಿಯುವುದು ಕಡಿಮೆ.

ಬ್ಯಾಟರಿ ಸೋತರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ: ಸ್ಟೀರಿಂಗ್, ಎಬಿಎಸ್, ಏರ್‌ಬ್ಯಾಗ್, ಸಂಬಂಧವೇ ಇಲ್ಲದ ದೋಷಗಳೆಲ್ಲ ಒಟ್ಟಿಗೆ. ಮಾಡ್ಯೂಲ್ ಬದಲಿಸಲು ಹೊರಡುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟಿನ ಆಸುಪಾಸು ಇರಬೇಕು. ಹೊಸ ಬ್ಯಾಟರಿ ಹಾಕಿದರೆ ಸ್ಕ್ಯಾನರಿನಿಂದ ಅದನ್ನು ರಿಜಿಸ್ಟರ್ ಮಾಡಬೇಕು, ಅಂದರೆ ಬ್ಯಾಟರಿ ಹೊಸದು ಎಂದು ಕಾರಿಗೆ ತಿಳಿಸಬೇಕು, ಇಲ್ಲದಿದ್ದರೆ ಕಾರು ಹಳೆಯದಕ್ಕೆ ಒಗ್ಗಿದ ರೀತಿಯಲ್ಲೇ ಚಾರ್ಜ್ ಮಾಡಿ ಹೊಸದನ್ನೂ ಬೇಗ ಮುಗಿಸುತ್ತದೆ. ಸನ್‌ರೂಫಿನ ಮೂಲೆಗಳಲ್ಲಿ ಮಳೆನೀರು ಇಳಿಯುವ ತೂತುಗಳಿಗೆ ಒಂದು ಲೋಟ ನೀರು ನಿಧಾನವಾಗಿ ಸುರಿದು ಕೆಳಗೆ ಇಳಿಯುತ್ತದೆಯೇ ನೋಡುತ್ತೇನೆ. ಕಟ್ಟಿದ್ದರೆ ತೆಳ್ಳಗಿನ ನೈಲಾನ್ ತಂತಿ ಸಾಕು. ಜೋರು ಗಾಳಿ ಊದಿದರೆ ಒಳಗಿನ ಕೊಳವೆ ಕಳಚಿ, ನೀರು ನೇರ ಕಾರ್ಪೆಟ್ ಕೆಳಗಿನ ವೈರಿಂಗಿಗೆ ಹೋಗುತ್ತದೆ.

ಸಸ್ಪೆನ್ಷನ್ ತೋಳುಗಳ ಬುಷ್ (ಕೀಲಿನ ರಬ್ಬರು) ಹಾಕಿಸುವಾಗ ಒಂದೇ ಒಂದು ಮಾತು: ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲಿರುವಾಗ. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಸ್ಪ್ರಿಂಗಿನ ಬದಲು ಗಾಳಿಚೀಲವಿರುವ ಏರ್ ಸಸ್ಪೆನ್ಷನ್ ಇರುವವರು, ಬೆಳಗ್ಗೆ ಒಂದು ಮೂಲೆ ಕುಸಿದಿದ್ದರೆ ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಿ. ತಡಮಾಡಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ.

ನನ್ನ ಪಟ್ಟಿಯಲ್ಲಿ ಉಳಿದಿರುವುದು ಸಿಲಿಂಡರಿಗೆ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಮಸಿ. ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವ ಎಂಜಿನ್ನಿನಲ್ಲಿ ವಾಲ್ವಿನ ಬೆನ್ನನ್ನು ತೊಳೆಯುವವರೇ ಇಲ್ಲ. ತಣ್ಣಗಿರುವಾಗ ಐಡ್ಲಿಂಗ್ ಅದುರುವುದು ಶುರುವಾಗಿದೆ. ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯೊತ್ತಡದಲ್ಲಿ ಹೊಡೆದು ಕೆರೆಯಬೇಕು, ಪ್ರತಿ ಸಿಲಿಂಡರಿಗೂ ಮೊದಲು ಅದರ ವಾಲ್ವ್‌ಗಳು ಮುಚ್ಚುವಂತೆ ಕ್ರ್ಯಾಂಕ್ ಅನ್ನು ಕೈಯಿಂದ ತಿರುಗಿಸಿಕೊಂಡು.