ಕಿವಿಗೆ ಮೊದಲು ಸಿಕ್ಕ ಚಿರತೆ

“ಕ್ಯಾಮೆರಾ ಇರುವುದು ನೋಡುವುದಕ್ಕೆ, ನೀವು ಅದನ್ನು ರೇಡಿಯೊ ಮಾಡಿಕೊಂಡಿದ್ದೀರಿ” ಎಂದು ಆಫ್ರಿಕಾದ ಕಾಡುಗಳಲ್ಲಿಟ್ಟ ಕ್ಯಾಮೆರಾಗಳ ನೇರಪ್ರಸಾರವನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡುವ ನಮ್ಮ ಬಳಗದ ಮೂವರು ನನಗೆ ನೇರವಾಗಿಯೇ ಹೇಳಿದ್ದರು. ಕಳೆದ ಒಣಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದಕ್ಷಿಣ ಆಫ್ರಿಕಾದ ವನ್ಯಧಾಮವಾದ ಸಾಬಿ ಸ್ಯಾಂಡ್‌ನ ಒಂದೇ ನೀರಿನ ಹೊಂಡದಲ್ಲಿ ನನಗೆ ಹನ್ನೊಂದೋ ಹನ್ನೆರಡೋ ಸಲ ಚಿರತೆ ಸಿಕ್ಕಿತು. ಎಲ್ಲವೂ ನೇರಪ್ರಸಾರದಲ್ಲೇ. ಅದಕ್ಕೂ ಹಿಂದಿನ ಎರಡು ವರ್ಷ ನಿದ್ದೆಗೆಟ್ಟು ಕುಳಿತರೂ ಸಿಕ್ಕಿದ್ದು ಎರಡೇ ಸಲ.

ಮೊದಲ ವರ್ಷ ಎಲ್ಲರಂತೆ ನಾನೂ ಆರು ಕ್ಯಾಮೆರಾಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡೆ. ದಕ್ಷಿಣ ಆಫ್ರಿಕಾದ ಟೆಂಬೆ ಉದ್ಯಾನದ ಆನೆಗಳು, ಕೀನ್ಯಾದ ನೀರಾನೆಗಳು, ನಮೀಬ್‌ನ ಓರಿಕ್ಸ್ ಹುಲ್ಲೆಗಳು ಎಲ್ಲವೂ ಬೇಕು. ಒಂದನ್ನು ನೋಡುವಾಗ ಉಳಿದ ಐದು ತಪ್ಪುತ್ತಿದ್ದವು. ಎರಡನೆಯ ವರ್ಷ ಚಲನೆ ಗುರುತಿಸುವ ತಂತ್ರಾಂಶ ಹಾಕಿದೆ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ) ಬೆಳಕಿನ ಮುಂದೆ ಹಾರಾಡುವ ಪತಂಗಗಳು ಒಂದೇ ರಾತ್ರಿ ನಾನೂರು ಸಲ ಗಂಟೆ ಬಾರಿಸಿದವು. ಗಾಳಿ ಬೀಸಿದ ದಿನ ಹುಲ್ಲೂ ಸೇರಿಕೊಳ್ಳುತ್ತಿತ್ತು. ಹಾರ್ಡ್‌ಡಿಸ್ಕ್‌ಗೆ ನಾಲ್ಕೂವರೆ ಸಾವಿರ, ಯುಪಿಎಸ್‌ಗೆ ಮೂರು ಸಾವಿರದ ಹತ್ತಿರ, ಎರಡನೆಯ ಪರದೆಗೆ ಏಳು ಸಾವಿರ. ಅಂತರ್ಜಾಲದ ಬಿಲ್ ಬಿಟ್ಟು ಹದಿನಾಲ್ಕೂವರೆ ಸಾವಿರದಷ್ಟು ನೀರುಪಾಲಾಯಿತು. ಈಗಿನ ವ್ಯವಸ್ಥೆಯಲ್ಲಿ ಹೊಸದಾಗಿ ಕೊಂಡದ್ದು ಸಾವಿರದ ನಾನೂರು ರೂಪಾಯಿಯ ಒಂದು ಸ್ಪೀಕರ್ ಮಾತ್ರ.

ದಾರಿ ಹೊಳೆದದ್ದು ನಾಗರಹೊಳೆಯಲ್ಲಿ. ಜೀಪಿನ ಚಾಲಕ ಎಂಜಿನ್ ಆರಿಸಿ, ಕಣ್ಣು ಮುಚ್ಚಿ, ಬೇಟೆಪ್ರಾಣಿ ಕಂಡಾಗ ಜಿಂಕೆ ಹಾಕುವ ಎಚ್ಚರಿಕೆಯ ಕೂಗಿಗೆ ಕಿವಿಗೊಟ್ಟು ಕುಳಿತ. ಅಲ್ಲಿ ಜಿಂಕೆ ಮಾಡುವ ಕೆಲಸವನ್ನು ಸಾಬಿ ಸ್ಯಾಂಡ್‌ನ ಹೊಂಡದ ದಡದಲ್ಲಿ ಕಮ್ಮಾರ ಹಕ್ಕಿ ಮಾಡುತ್ತದೆ. ನಮ್ಮ ಟಿಟ್ಟಿಭದ ದಾಯಾದಿ ಅದು. ಕಮ್ಮಾರನ ಅಡೆಗಲ್ಲಿನ ಮೇಲೆ ಸುತ್ತಿಗೆ ಬಿದ್ದಂತೆ ಟಿಂಕ್, ಟಿಂಕ್ ಎನ್ನುತ್ತದೆ, ಹೆಸರು ಬಂದದ್ದೂ ಅದರಿಂದಲೇ. ನಮ್ಮ ರಾತ್ರಿ ಒಂಬತ್ತು ಅಲ್ಲಿ ಸಂಜೆ ಐದೂವರೆ. ಒಂಬತ್ತರಿಂದ ಹನ್ನೊಂದೂವರೆ, ಮತ್ತೆ ಬೆಳಗ್ಗೆ ಐದರಿಂದ ಎಂಟು, ಸ್ಪೀಕರ್ ಸಣ್ಣಗೆ ಹಚ್ಚಿಟ್ಟು ನನ್ನ ಕೆಲಸ ನೋಡಿಕೊಳ್ಳುತ್ತೇನೆ. ಗಾಳಿಯ ಗುಂಯ್‌ ಸದ್ದನ್ನು ದಪ್ಪ-ಸಣ್ಣ ಸ್ವರಗಳನ್ನು ಬೇರೆಬೇರೆಯಾಗಿ ತಗ್ಗಿಸುವ ಈಕ್ವಲೈಸರ್‌ನಲ್ಲಿ ಕತ್ತರಿಸಿದ್ದೇನೆ. ಎಷ್ಟಕ್ಕೆ ಕತ್ತರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಮೂರು ತಿಂಗಳು ಸವೆಸಿದ್ದೇನೆ.

ಹಕ್ಕಿ ಆನೆ ಬಂದರೂ ಕೂಗುತ್ತದೆ, ಕತ್ತೆಕಿರುಬ ಬಂದರೂ ಕೂಗುತ್ತದೆ. ಆನೆಯಾದರೆ ಸ್ವಲ್ಪ ಹೊತ್ತಿಗೆ ನೀರು ಕಲಕುವ ಸದ್ದು ಕೇಳುತ್ತದೆ. ಕೂಗು ಎದ್ದು, ಹಿಂದೆಯೇ ಇಂಪಾಲಾ ಎಂಬ ಹುಲ್ಲೆ ಮೂಗಿನಿಂದ ಬುಸ್ಸೆಂದು, ಆಮೇಲೆ ಎಲ್ಲವೂ ಮೌನವಾದರೆ ಕೈಕೆಲಸ ಬಿಟ್ಟು ಪರದೆಯ ಮುಂದೆ ಕೂರಬೇಕು.

ಜುಲೈನ ಒಂದು ಬೆಳಗಿನ ಜಾವ ಹಾಗೆಯೇ ಆಯಿತು. ದೋಸೆ ಹಿಟ್ಟು ಕಲಸುತ್ತಿದ್ದವನು ಒದ್ದೆ ಕೈಯಲ್ಲೇ ಓಡಿದೆ. ನಾಲ್ಕು ನಿಮಿಷ ಖಾಲಿ ದಡ. ಆಮೇಲೆ ಬಲಗಡೆಯಿಂದ ಎರಡು ಬಿಳಿ ಚುಕ್ಕಿಗಳು ನೆಲಕ್ಕಂಟಿದಂತೆ ತೇಲಿ ಬಂದವು. ಹೆಣ್ಣು ಚಿರತೆ. ಮುಂಗಾಲು ಮಡಿಚಿ ಬಗ್ಗಿದಾಗ ಹೆಗಲ ಮೂಳೆಗಳು ಕಿವಿಗಿಂತ ಮೇಲೆದ್ದವು. ಲಪ್, ಲಪ್ ಎಂದು ನೀರು ನೆಕ್ಕುವ ಸದ್ದು ಅಡುಗೆಮನೆಯವರೆಗೂ ಕೇಳಿತು. ತಲೆ ಎತ್ತಿ ಕ್ಯಾಮೆರಾದತ್ತ ನೋಡಿತು, ಗದ್ದದಿಂದ ಎರಡು ಹನಿ ಉದುರಿದವು. ತಿರುಗಿ ಹೋಗುವಾಗ ಬಾಲದ ತುದಿಯ ಬಿಳುಪಷ್ಟೇ ಕೊನೆಗೆ ಉಳಿಯಿತು. ಅದು ಕತ್ತಲಲ್ಲಿ ಮರೆಯಾದ ಮೇಲೆ ಗರಗಸದಿಂದ ಮರ ಕೊಯ್ದಂಥ ಕೂಗು ಐದಾರು ಸಲ ಕೇಳಿಬಂತು.

ಇದೇ ಕಿವಿಯ ಪಾಠವನ್ನು ನಮೀಬ್ ಮರುಭೂಮಿಯ ಕೃತಕ ಹೊಂಡದಲ್ಲೂ ಪ್ರಯತ್ನಿಸಿದೆ. ಅಲ್ಲಿ ಗಾಳಿ ವಿಪರೀತ, ಚಿಕ್ಕ ಸದ್ದುಗಳೆಲ್ಲ ಮುಳುಗುತ್ತವೆ. ಸಿಕ್ಕಿದ್ದು ನಮಾಕ್ವಾ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಮಾತ್ರ. ಬಿಸಿಲೇರಿದ ಮೇಲೆ, ನಮಗೆ ಊಟದ ಹೊತ್ತಿಗೆ, “ಕೆಲ್ಕಿವೈನ್” ಎನ್ನುತ್ತಾ ಹಿಂಡಾಗಿ ಇಳಿಯುತ್ತವೆ. ಆಫ್ರಿಕಾನ್ಸ್ ಭಾಷೆಯಲ್ಲಿ ಆ ಕೂಗೇ ಅವುಗಳ ಹೆಸರು. ಗಂಡುಗಳು ನೀರಿನಲ್ಲಿ ಕುಳಿತು ಹೊಟ್ಟೆಯ ಗರಿ ನೆನೆಸಿಕೊಂಡು ದೂರದ ಮರಿಗಳಿಗೆ ನೀರು ಒಯ್ಯುತ್ತವೆ. ಒಂದು ಗಂಡು ಎಷ್ಟು ಹೊತ್ತು ಕೂರುತ್ತದೆಂದು ಗಡಿಯಾರ ಹಿಡಿದು ಬರೆದಿಟ್ಟಿದ್ದೇನೆ, ಸುಮಾರು ಮೂವತ್ತು ದಾಖಲೆಗಳಾಗಿವೆ.

ನನ್ನ ಕ್ಯಾಮೆರಾವನ್ನು ರೇಡಿಯೊ ಎಂದಿದ್ದ ಆ ಮೂವರಲ್ಲಿ ಒಬ್ಬರು ಆಗಸ್ಟ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಅವರ ಮಾತಿಗೂ ಮುಂಚೆ ಅವರ ಹಿಂದಿನಿಂದ ಟಿಂಕ್, ಟಿಂಕ್ ಕೇಳಿಸಿತು.